ಹಸಿರು ಕಂಡರೆ ಸಾಲದು, ಸಾಲಿನೊಳಗೆ ಇಳಿಯಬೇಕು

ಬಿತ್ತನೆ ಮುಗಿದಿದೆ, ಕೊಯ್ಲು ದೂರವಿದೆ. ಮೆಕ್ಕೆಜೋಳ, ರಾಗಿ ಬೆಳೆಯುವವರ ವರ್ಷದ ಗಳಿಕೆ ಬಹುಪಾಲು ತೀರ್ಮಾನವಾಗುವುದು ಈ ನಡುವಿನ ಆರೇಳು ವಾರಗಳಲ್ಲಿ. ಹೊಲದಲ್ಲಿ ಯಾವ ಕೆಲಸಕ್ಕೆ ಇನ್ನೂ ಹೊತ್ತಿದೆ, ಯಾವುದಕ್ಕೆ ಹೊತ್ತು ಮೀರಿದೆ?

ಆಗಸ್ಟ್ ಮೊದಲ ವಾರ ದಾವಣಗೆರೆಯಿಂದ ಹಾವೇರಿ ಕಡೆಗೆ ಬಸ್ಸಿನಲ್ಲಿ ಹೊರಟರೆ ಹೆದ್ದಾರಿಯ ಎರಡೂ ಬದಿಗೆ ಮೆಕ್ಕೆಜೋಳ. ಕಿಟಕಿಯಿಂದ ನೋಡಿದವರಿಗೆ ಎಲ್ಲ ಹೊಲವೂ ಒಂದೇ ಹಸಿರು. ‘ಈ ಸಲ ಬೆಳೆ ಭರ್ಜರಿ’ ಅಂದುಬಿಡುವುದು ಸುಲಭ. ಬದುವಿನ ಮೇಲೆ ನಿಂತು ನೋಡುವ ಹೊಲದ ಯಜಮಾನನಿಗೂ ಇದಕ್ಕಿಂತ ಹೆಚ್ಚು ಕಾಣುವುದಿಲ್ಲ. ಅಂಚಿನ ಸಾಲಿಗೆ ಗಾಳಿ, ಬೆಳಕು ಎರಡೂ ಧಾರಾಳವಾಗಿ ಸಿಗುತ್ತವೆ, ಹಾಗಾಗಿ ಅದು ಸದಾ ಒಳಗಿನ ಸಾಲಿಗಿಂತ ಚೆನ್ನಾಗಿರುತ್ತದೆ. ಇಪ್ಪತ್ತು ಹೆಜ್ಜೆ ಒಳಗೆ ನಡೆದರೆ ಮಾತು ಬೇರೆಯಾಗುತ್ತದೆ. ಎಲ್ಲೋ ನಾಲ್ಕು ಗಿಡ ನಾಟಿಕೊಂಡಿಲ್ಲ, ಎಲ್ಲೋ ಸುಳಿಯಲ್ಲಿ ಮರದ ಹೊಟ್ಟಿನಂಥ ಹಿಕ್ಕೆ, ಎಲ್ಲೋ ಕೆಳಗಿನ ಗರಿ ತುದಿಯಿಂದ ಹಳದಿಯಾಗುತ್ತ ಬಂದಿದೆ.

ಮುಂಗಾರಿನ ಈ ನಡುಗಾಲಕ್ಕೆ ನಮ್ಮ ರೈತರ ಪಂಚಾಂಗದಲ್ಲಿ ಐದು ಮಳೆಗಳ ಹೆಸರಿದೆ: ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆ. ಜುಲೈ 20ರ ಆಸುಪಾಸಿನಿಂದ ಸೆಪ್ಟೆಂಬರ್ ಕೊನೆಯ ವಾರದವರೆಗೆ, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ‘ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು’ ಎಂಬ ಗಾದೆ ಹುಟ್ಟಿದ್ದು ಸುಮ್ಮನೆ ಅಲ್ಲ. ಮಘೆ ಮಳೆಯ ಕಾಲ ಆಗಸ್ಟ್ ಎರಡನೇ ಪಕ್ಷ. ಜೂನ್ ನಡುವೆ ಬಿತ್ತಿದ ಮೆಕ್ಕೆಜೋಳ ಆ ಹೊತ್ತಿಗೆ ಕಾಳು ಕಟ್ಟುತ್ತಿರುತ್ತದೆ, ಜುಲೈನಲ್ಲಿ ಹಾಕಿದ ರಾಗಿ ತೆಂಡೆ ಒಡೆಯುತ್ತಿರುತ್ತದೆ. ಎರಡಕ್ಕೂ ನೀರು ಹೆಚ್ಚು ಬೇಕಾದ ಹದಿನೈದು ದಿನ ಅದು.

ಈ ಕಾಲದಲ್ಲಿ ರೈತ ಕೈಗೆತ್ತಿಕೊಳ್ಳುವ ಪ್ರತಿ ಕೆಲಸಕ್ಕೂ ಒಂದು ಕೊನೆಯ ದಿನವಿದೆ. ಆ ದಿನದೊಳಗೆ ಹಾಕಿದ ಐನೂರು ರೂಪಾಯಿ ಐದು ಸಾವಿರವಾಗಿ ಬರಬಹುದು. ದಿನ ದಾಟಿದ ಮೇಲೆ ಹಾಕಿದ್ದು ಮಣ್ಣುಪಾಲು. ದುಡ್ಡು ಹಾಕಬೇಕಾದ ಕಡೆ ಹಾಕುವುದು ಎಷ್ಟು ಮುಖ್ಯವೋ, ಹೊತ್ತು ಮೀರಿದ ಕೆಲಸಕ್ಕೆ ಹಾಕದೆ ಸುಮ್ಮನಿರುವುದೂ ಅಷ್ಟೇ ಮುಖ್ಯ.

ಇಪ್ಪತ್ತೆರಡು ಅಡಿಯ ಲೆಕ್ಕ

ಮೊದಲು ಹೊಲದಲ್ಲಿ ಏನಿದೆ ಎಂದು ಎಣಿಸಬೇಕು. ಇದಕ್ಕೆ ಟೇಪು, ಪೆನ್ನು ಸಾಕು. ಮೆಕ್ಕೆಜೋಳವನ್ನು ಸಾಲಿನಿಂದ ಸಾಲಿಗೆ ಎರಡು ಅಡಿ ಬಿಟ್ಟು ಬಿತ್ತಿದ್ದರೆ, ಒಂದು ಸಾಲಿನಲ್ಲಿ 22 ಅಡಿ ಅಳೆಯಿರಿ. ಅಷ್ಟು ಜಾಗ 44 ಚದರ ಅಡಿ. ಎಕರೆಗೆ 43,560 ಚದರ ಅಡಿ. ಅಂದರೆ ನೀವು ಅಳೆದದ್ದು ಹೆಚ್ಚುಕಡಿಮೆ ಎಕರೆಯ ಸಾವಿರದ ಒಂದು ಪಾಲು. ಅಲ್ಲಿರುವ ಗಿಡಗಳನ್ನು ಎಣಿಸಿ ಮುಂದೆ ಮೂರು ಸೊನ್ನೆ ಹಾಕಿದರೆ ಎಕರೆಯ ಗಿಡಗಳ ಸಂಖ್ಯೆ ಸಿಗುತ್ತದೆ. ಗಿಡದಿಂದ ಗಿಡಕ್ಕೆ 20 ಸೆಂ.ಮೀ. ಇಟ್ಟಿದ್ದರೆ 33 ಗಿಡ ಇರಬೇಕು, 30 ಸೆಂ.ಮೀ. ಇಟ್ಟಿದ್ದರೆ 22. ಹೊಲದ ಐದಾರು ಕಡೆ, ಅಂಚು ಬಿಟ್ಟು ಒಳಗೆ, ಹೀಗೆ ಎಣಿಸಿ ಸರಾಸರಿ ತೆಗೆಯಬೇಕು.

ತೆನೆ ಕಟ್ಟಿದ ಮೇಲೆ ಇದೇ 22 ಅಡಿಯಲ್ಲಿ ಇಳುವರಿಯನ್ನೂ ಅಂದಾಜು ಮಾಡಬಹುದು. 26 ತೆನೆ ಸಿಕ್ಕವು ಎನ್ನೋಣ. ಒಂದು ತೆನೆಯಲ್ಲಿ 14 ಸಾಲು, ಸಾಲಿಗೆ 26 ಕಾಳು. ಗುಣಿಸಿದರೆ 9,464 ಕಾಳು, ಎಕರೆಗೆ ಸುಮಾರು 95 ಲಕ್ಷ. ಕಿಲೋಗೆ ನಾಲ್ಕು ಸಾವಿರ ಕಾಳು ತೂಗುತ್ತವೆ ಎಂದಿಟ್ಟುಕೊಂಡರೆ 23ರಿಂದ 24 ಕ್ವಿಂಟಲ್. ಈಗ ಸಾಲಿಗೆ 26ರ ಬದಲು 20 ಕಾಳು ಮಾತ್ರ ಕಟ್ಟಿತು ಎಂದು ಲೆಕ್ಕ ಹಾಕಿ ನೋಡಿ, ಇಳುವರಿ 18 ಕ್ವಿಂಟಲ್‌ಗೆ ಇಳಿಯುತ್ತದೆ. 2025–26ರ ಬೆಂಬಲ ಬೆಲೆ ಕ್ವಿಂಟಲ್‌ಗೆ ₹2,400. ಆ ಬೆಲೆಯೇ ಸಿಕ್ಕಿದರೂ ಎಕರೆಗೆ ಹದಿಮೂರು ಸಾವಿರ ರೂಪಾಯಿ ಹೋಯಿತು. ಹೊರಗಿನಿಂದ ನೋಡಿದರೆ ಎರಡೂ ಹೊಲ ಒಂದೇ ಎತ್ತರ, ಒಂದೇ ಹಸಿರು.

ತೆನೆಯಲ್ಲಿ ಕಾಳಿನ ಸಾಲು ಎಷ್ಟಿರಬೇಕು ಎಂಬುದು ಗಿಡ ಮೊಣಕಾಲೆತ್ತರ ದಾಟುವ ಹೊತ್ತಿಗೇ ಹೆಚ್ಚುಕಡಿಮೆ ನಿರ್ಧಾರವಾಗಿರುತ್ತದೆ. ಯಾವ ತೆನೆಯನ್ನಾದರೂ ಮುರಿದು ಎಣಿಸಿ, ಸಾಲುಗಳು 12, 14, 16 ಹೀಗೆ ಸಮಸಂಖ್ಯೆಯಲ್ಲೇ ಇರುತ್ತವೆ. ಸಾಲಿನಲ್ಲಿ ಎಷ್ಟು ಕಾಳು ಎಂಬುದು ತೀರ್ಮಾನವಾಗುವುದು ಇನ್ನೂ ಕೆಲವು ವಾರಗಳ ನಂತರ, ಸೂಲಂಗಿ ಹೊರಬಂದು ತೆನೆಯಲ್ಲಿ ಕೂದಲು ಕಾಣಿಸಿಕೊಳ್ಳುವ ಹೊತ್ತಿಗೆ.

ಒಂದು ಕೂದಲು, ಒಂದು ಕಾಳು

ಮೆಕ್ಕೆಜೋಳದ ತೆನೆಯಿಂದ ಇಳಿಬಿದ್ದಿರುವ ಪ್ರತಿ ಕೂದಲೂ ಒಳಗಿನ ಒಂದೊಂದು ಕಾಳಿಗೆ ಸೇರಿದ್ದು. ಸೂಲಂಗಿಯಿಂದ ಉದುರಿದ ಪರಾಗ ಕೂದಲಿಗೆ ಅಂಟಿ, ಕೂದಲ ಉದ್ದಕ್ಕೂ ಒಳಗಿಳಿದು ಬುಡ ಮುಟ್ಟಿದರೆ ಮಾತ್ರ ಅಲ್ಲೊಂದು ಕಾಳು. ತೆನೆಯ ಬುಡದ ಕೂದಲು ಮೊದಲು ಹೊರಬರುತ್ತದೆ, ತುದಿಯದ್ದು ಕೊನೆಗೆ. ಬಿತ್ತಿ 50–60 ದಿನಕ್ಕೆ ಬರುವ ಈ ಹಂತದಲ್ಲಿ ಮಳೆ ಕೈಕೊಟ್ಟರೆ ಸೂಲಂಗಿ ತನ್ನ ಹೊತ್ತಿಗೆ ಪರಾಗ ಉದುರಿಸಿ ಮುಗಿಸುತ್ತದೆ, ನೀರಿಲ್ಲದೆ ಕೂದಲು ಮಾತ್ರ ತಡವಾಗಿ ಹೊರಬರುತ್ತದೆ. ಕೂದಲು ಬರುವ ಹೊತ್ತಿಗೆ ಪರಾಗ ಇರುವುದಿಲ್ಲ. ಕೊಯ್ಲಿನಲ್ಲಿ ತುದಿ ಬೋಳಾದ, ನಡುನಡುವೆ ಹಲ್ಲುದುರಿದ ತೆನೆಗಳು ಸಿಗುವುದು ಹೀಗೆ.

ಕಾಳು ಕಟ್ಟಿತೋ ಇಲ್ಲವೋ ಎಂದು ತಿಳಿಯಲು ಕೊಯ್ಲಿನ ತನಕ ಕಾಯಬೇಕಿಲ್ಲ. ಕೂದಲು ಬಂದು ಎಂಟು ಹತ್ತು ದಿನವಾದ ಒಂದು ತೆನೆಯನ್ನು ಕಿತ್ತು, ಹೊದಿಕೆಯನ್ನು ಬುಡದಿಂದ ಉದ್ದಕ್ಕೆ ಚಾಕುವಿನಿಂದ ಸೀಳಿ ಮೆಲ್ಲಗೆ ಬಿಡಿಸಿ, ತೆನೆಯನ್ನು ತಲೆಕೆಳಗೆ ಹಿಡಿದು ಅಲುಗಾಡಿಸಿ. ಕಾಳು ಕಟ್ಟಿದ ಕಡೆಯ ಕೂದಲು ತಾನಾಗಿ ಕಳಚಿ ಬೀಳುತ್ತದೆ. ಕಟ್ಟದ ಕಡೆಯದು ಅಂಟಿಕೊಂಡೇ ಇರುತ್ತದೆ. ಹೊಲದ ಬೇರೆ ಬೇರೆ ಕಡೆಯಿಂದ ಹತ್ತು ತೆನೆ ಹೀಗೆ ನೋಡಿದರೆ ವರ್ಷದ ಇಳುವರಿ ಎಲ್ಲಿಗೆ ಬಂತು ಎಂದು ಸುಮಾರಾಗಿ ಗೊತ್ತಾಗುತ್ತದೆ. ಮುಂದೆ ಖರ್ಚು ಮಾಡಬೇಕೋ ಕೈ ಹಿಡಿಯಬೇಕೋ, ಮೇವಿಗೆ ಕೊಯ್ಯಬೇಕೋ ಕಾಳಿಗೆ ಬಿಡಬೇಕೋ ಎಂಬ ಯೋಚನೆಗೆ ಇದಕ್ಕಿಂತ ನಂಬಿಕೆಯ ಆಧಾರ ಬೇರಿಲ್ಲ.

ಈ ಹಂತದಲ್ಲಿ ಮಳೆ ತಪ್ಪಿದರೆ ಏನಾಗುತ್ತದೆ ಎಂಬುದನ್ನು 2023ರ ಆಗಸ್ಟ್ ಇಡೀ ರಾಜ್ಯಕ್ಕೆ ತೋರಿಸಿಕೊಟ್ಟಿತು. ಆ ವರ್ಷ ಜೂನ್ ಕೈಕೊಟ್ಟಿತ್ತು, ಜುಲೈನಲ್ಲಿ ಮಳೆ ಸುರಿಯಿತು, ತಡವಾಗಿ ಬಿತ್ತಿದವರೂ ನಿಟ್ಟುಸಿರು ಬಿಟ್ಟರು. ಆಗಸ್ಟ್‌ನಲ್ಲಿ ಮೋಡ ಮಾಯವಾಯಿತು. ದೇಶದ ಮಟ್ಟಿಗೆ 1901ರಿಂದ ಈಚೆಗೆ ಅಷ್ಟು ಒಣಗಿದ ಆಗಸ್ಟ್ ಇರಲಿಲ್ಲ, ಮಳೆ ವಾಡಿಕೆಗಿಂತ ಶೇ 36ರಷ್ಟು ಕಡಿಮೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಕೊನೆಗೆ ಬರಪೀಡಿತ ಎಂದು ಘೋಷಿಸಬೇಕಾಯಿತು. ಅಂಥ ವರ್ಷದಲ್ಲಿ ನಾಲ್ಕು ತಿಂಗಳ ಒಟ್ಟು ಮಳೆಯ ಅಂಕಿ ರೈತನಿಗೆ ಏನನ್ನೂ ಹೇಳುವುದಿಲ್ಲ, ಮಳೆ ತಪ್ಪಿದ ವಾರ ಯಾವುದು ಎಂಬುದೇ ಎಲ್ಲವನ್ನೂ ಹೇಳುತ್ತದೆ.

ಯೂರಿಯಾ: ಚೀಲದ ಲೆಕ್ಕ, ಹದದ ಲೆಕ್ಕ

ಜುಲೈ ಕೊನೆ, ಆಗಸ್ಟ್ ಮೊದಲಿಗೆ ಸೊಸೈಟಿಗಳ ಮುಂದೆ ಯೂರಿಯಾಕ್ಕೆ ಸಾಲು ನಿಲ್ಲುವುದು ಇತ್ತೀಚೆಗೆ ಮಾಮೂಲಾಗಿದೆ. 45 ಕಿಲೋ ಚೀಲಕ್ಕೆ ₹266.50. ಗೊಬ್ಬರಗಳಲ್ಲೇ ಅಗ್ಗ, ಹಾಕಿದ ವಾರದಲ್ಲಿ ಬೆಳೆ ಕಪ್ಪು ಹಸಿರಾಗುತ್ತದೆ. ಹಾಗಾಗಿ ‘ಇನ್ನೊಂದು ಚೀಲ ಬಿದ್ದರೆ ಇರಲಿ’ ಎಂಬ ಮನಸ್ಸು.

ಲೆಕ್ಕ ಹಾಕಿ ನೋಡೋಣ. ಯೂರಿಯಾದಲ್ಲಿ ಸಾರಜನಕ ಶೇ 46. ಒಂದು ಚೀಲದಲ್ಲಿ 20.7 ಕಿಲೋ. ಮಳೆಯಾಶ್ರಿತ ರಾಗಿಗೆ ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಹೆಕ್ಟೇರಿಗೆ 50 ಕಿಲೋ ಸಾರಜನಕ, ಅಂದರೆ ಎಕರೆಗೆ 20 ಕಿಲೋ. ಒಂದು ಎಕರೆ ರಾಗಿಗೆ ಬಿತ್ತನೆಯಿಂದ ಕೊನೆಯವರೆಗೆ ಬೇಕಾದ ಸಾರಜನಕವೆಲ್ಲ ಒಂದು ಚೀಲದಷ್ಟು, ಅದರಲ್ಲೂ ಒಂದು ಪಾಲು ಬಿತ್ತುವಾಗ ಹಾಕಿದ ಗೊಬ್ಬರದಲ್ಲೇ ಬಂದಿರುತ್ತದೆ. ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ಇದರ ಎರಡರಷ್ಟು.

ಎಷ್ಟು ಹಾಕಿದೆವು ಎಂಬುದರ ಜೊತೆಗೆ ಯಾವಾಗ, ಹೇಗೆ ಹಾಕಿದೆವು ಎಂಬುದೂ ಸೇರುತ್ತದೆ. ಮೆಕ್ಕೆಜೋಳ ಸಾರಜನಕವನ್ನು ಆತುರವಾಗಿ ಎಳೆದುಕೊಳ್ಳುವುದು ಮೊಣಕಾಲೆತ್ತರದಿಂದ ಸೂಲಂಗಿ ಬರುವವರೆಗೆ. ಕೂದಲು ಕಾಣಿಸುವ ಹೊತ್ತಿಗೆ ತನಗೆ ಬೇಕಾದುದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅದು ತೆಗೆದುಕೊಂಡಾಗಿರುತ್ತದೆ. 30ನೇ ದಿನದ ಸುಮಾರಿಗೆ ಒಂದು ಕಂತು, ಸೂಲಂಗಿಗೆ ಮುಂಚೆ ಇನ್ನೊಂದು. ಆಮೇಲೆ ಚೆಲ್ಲಿದ್ದು ಗರಿಯನ್ನು ಹಸಿರಾಗಿಸೀತೇ ಹೊರತು ಸಾಲಿಗೆ ಒಂದು ಕಾಳನ್ನೂ ಸೇರಿಸುವುದಿಲ್ಲ. ಒಣ ಮಣ್ಣಿನ ಮೇಲೆ ಚೆಲ್ಲಿ ಬಿಟ್ಟ ಯೂರಿಯಾದ ಒಂದಂಶ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಮಳೆ ಬಿದ್ದು ಮಣ್ಣು ಹದಕ್ಕೆ ಬಂದಾಗ ಗಿಡದ ಬುಡಕ್ಕೆ ತುಸು ದೂರ ಹಾಕಿ, ಎಡೆ ಹೊಡೆದು ಮುಚ್ಚಿದರೆ ಅದೇ ಚೀಲ ಹೆಚ್ಚು ಕೆಲಸ ಮಾಡುತ್ತದೆ.

ಗರಿಯನ್ನು ಓದಲು ಕಲಿತರೆ ಅರ್ಧ ಖರ್ಚು ಉಳಿಯುತ್ತದೆ. ಕೆಳಗಿನ ಹಳೆಯ ಗರಿಯ ತುದಿಯಿಂದ ಹಳದಿ ಶುರುವಾಗಿ ನಡುದಿಂಡಿನ ಉದ್ದಕ್ಕೆ ಒಳಬಂದಿದ್ದರೆ ಸಾರಜನಕದ ಕೊರತೆ. ಕೆಳಗಿನ ಗರಿಯ ಅಂಚು ಮಾತ್ರ ಸುಟ್ಟಂತಾಗಿದ್ದರೆ ಪೊಟ್ಯಾಷ್. ಎಳೆಯ ಗಿಡದ ಗರಿ ನೇರಳೆ ಬಣ್ಣಕ್ಕೆ ತಿರುಗಿದ್ದರೆ ರಂಜಕ, ತಂಪು ಹವೆಯಲ್ಲಿ ಇದು ತಾತ್ಕಾಲಿಕವಾಗಿಯೂ ಇರಬಹುದು. ಮೇಲಿನ ಹೊಸ ಗರಿಯಲ್ಲಿ ನಡುದಿಂಡಿನ ಎರಡೂ ಬದಿ ಬಿಳಿಚಿದ ಪಟ್ಟೆ ಕಂಡರೆ ಸತು. ಅದಕ್ಕೆ ಎಷ್ಟು ಯೂರಿಯಾ ಸುರಿದರೂ ಪ್ರಯೋಜನವಿಲ್ಲ, ಸತುವಿನ ಸಲ್ಫೇಟ್ ದ್ರಾವಣ ಸಿಂಪಡಿಸಬೇಕು. ಮಳೆ ಹೆಚ್ಚಾಗಿ ನೀರು ನಿಂತ ಹೊಲವೂ ಹಳದಿಯಾಗುತ್ತದೆ. ಅಲ್ಲಿ ಮೊದಲ ಕೆಲಸ ಕಾಲುವೆ ತೆಗೆದು ನೀರು ಹೊರಹಾಕುವುದು. ಬೇರು ಉಸಿರಾಡತೊಡಗಿದ ಮೇಲೆ ಗೊಬ್ಬರ.

‘ಚಲೋ ಎಣ್ಣಿ ಕೊಡ್ರಿ’

2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಹೊಲದಲ್ಲಿ ಅಲ್ಲಿನ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ವಿಜ್ಞಾನಿಗಳ ಕಣ್ಣಿಗೆ ಬಿದ್ದ ಹುಳು, ಭಾರತಕ್ಕೇ ಹೊಸದು. ಅಮೆರಿಕ ಖಂಡದ ಮೂಲದ ಫಾಲ್ ಆರ್ಮಿವರ್ಮ್, 2016ರಲ್ಲಿ ಆಫ್ರಿಕಕ್ಕೆ ಕಾಲಿಟ್ಟು ಎರಡೇ ವರ್ಷದಲ್ಲಿ ನಮ್ಮ ಮಲೆನಾಡಿನ ಸೆರಗಿಗೆ ಬಂದಿತ್ತು. ನಮ್ಮವರು ಸೈನಿಕ ಹುಳು, ಲದ್ದಿ ಹುಳು ಎನ್ನುತ್ತಾರೆ. ಲದ್ದಿ ಎಂಬ ಹೆಸರು ಬಂದದ್ದು ಸುಳಿಯ ತುಂಬ ಅದು ಬಿಟ್ಟುಹೋಗುವ ಹಿಕ್ಕೆಯಿಂದ. ಹುಳುವಿನ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ‘ವೈ’ ಅಕ್ಷರದ ಗುರುತು, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಇಷ್ಟು ಕಂಡರೆ ಅದೇ.

ಹುಳು ಕಂಡ ಕೂಡಲೇ ಔಷಧಿ ಅಂಗಡಿಗೆ ಓಡುವುದು ರೂಢಿ. ಹಾವೇರಿ, ಗದಗ ಕಡೆಯ ಅಂಗಡಿಗಳಲ್ಲಿ ಈ ಮಾತು ದಿನಕ್ಕೆ ಹತ್ತು ಸಲ ಕೇಳುತ್ತದೆ:

“ಅಣ್ಣಾರ, ಸುಳ್ಯಾಗ ಹುಳ ಬಿದ್ದಾವ್ರೀ. ಚಲೋ ಎಣ್ಣಿ ಕೊಡ್ರಿ.”

“ಎಷ್ಟು ದಿನದ ಬೆಳಿ, ಯಜಮಾನ್ರ?”

“ಸೂಲಂಗಿ ಬಂದಾವ್ರೀ.”

ಇಲ್ಲಿಗೆ ಅಂಗಡಿಯವರು ‘ಹಂಗಾರ ರೊಕ್ಕ ಉಳಿಸ್ಕೊಳ್ರಿ’ ಎನ್ನಬೇಕು. ಸೂಲಂಗಿ ಬಂದ ಮೇಲೆ ಸಿಂಪಡಣೆ ಗಿಟ್ಟುವುದಿಲ್ಲ. ಬೆಳೆ ಆಳೆತ್ತರ, ಹುಳು ತೆನೆಯೊಳಗೆ, ಸಿಂಪಡಿಸುವವನ ಮುಖಕ್ಕೇ ಔಷಧಿ. ಗೆಲ್ಲುವುದಾದರೆ ಮೊದಲ ಐದಾರು ವಾರಗಳಲ್ಲೇ ಗೆಲ್ಲಬೇಕು.

ಅದಕ್ಕೂ ಎಣಿಕೆಯೇ ದಾರಿ. ಹೊಲದ ಐದು ಕಡೆ ನಿಂತು, ಒಂದೊಂದು ಕಡೆ 20 ಗಿಡದಂತೆ ನೂರು ಗಿಡದ ಸುಳಿ ನೋಡಿ. ಎಷ್ಟು ಗಿಡದಲ್ಲಿ ಹೊಸ ತೂತು, ಹಸಿ ಹಿಕ್ಕೆ ಇದೆಯೋ ಅದೇ ಶೇಕಡಾ ಲೆಕ್ಕ. ಎಳೆಯ ಬೆಳೆಯಲ್ಲಿ ನೂರಕ್ಕೆ ಐದರಷ್ಟಿದ್ದಾಗ ಬೇವಿನ ಔಷಧಿ ಸಾಕು. ಎಲೆಯ ಮೇಲಿನ ಮೊಟ್ಟೆಯ ಗುಂಪನ್ನು ಕೈಯಿಂದ ಹೊಸಕಿ ಹಾಕಿದರೆ ನೂರಾರು ಹುಳು ಒಮ್ಮೆಗೇ ಹೋದಂತೆ. ಹತ್ತು ದಾಟಿದರೆ ಎಮಾಮೆಕ್ಟಿನ್ ಬೆಂಜೊಯೇಟ್ ಲೀಟರಿಗೆ 0.4 ಗ್ರಾಂ. ಬೆಳಿಗ್ಗೆ ಅಥವಾ ಸಂಜೆ, ನಳಿಕೆಯನ್ನು ಸುಳಿಗೇ ಗುರಿಯಿಟ್ಟು ಹೊಡೆಯಬೇಕು. ಮೇಲಿಂದ ಮೇಲೆ ಮಂಜಿನಂತೆ ಹಾರಿಸಿದರೆ ಹುಳುವಿನ ಮೈಗೆ ಸೋಕುವುದೂ ಇಲ್ಲ. ಹುಳು ದೊಡ್ಡದಾಗಿದ್ದರೆ ವಿಷ ಪಾಷಾಣ: ಹತ್ತು ಕಿಲೋ ಅಕ್ಕಿ ತೌಡು, ಎರಡು ಕಿಲೋ ಬೆಲ್ಲ, ಎರಡು ಮೂರು ಲೀಟರ್ ನೀರು ಕಲಸಿ ಒಂದು ದಿನ ಹುಳಿಯಲು ಬಿಟ್ಟು, ಬಳಸುವ ಮುನ್ನ ನೂರು ಗ್ರಾಂ ಥಯೋಡಿಕಾರ್ಬ್ ಬೆರೆಸಿ, ಸಂಜೆ ಚಿಟಿಕೆ ಚಿಟಿಕೆಯಾಗಿ ಸುಳಿಗೆ. ಒಂದು ಎಕರೆಗೆ ಇಷ್ಟು. ಕೈಗವಸು ಕಡ್ಡಾಯ. ಹೊಲಕ್ಕೆ ದನಕರು, ಕೋಳಿ ಬಿಡಬಾರದು.

ಕೆಲವು ವರ್ಷ ಮೋಡ ಮುಸುಕಿದ ಆಗಸ್ಟ್‌ನಲ್ಲಿ ಗರಿಗೆ ಅಂಟಿಕೊಂಡು ಸತ್ತ ಹುಳುಗಳು ಕಾಣುತ್ತವೆ. ಮೊದಲು ಬಿಳಿ, ಆಮೇಲೆ ತಿಳಿ ಹಸಿರು ಪುಡಿ ಮೆತ್ತಿದಂತೆ. ಅದು ಮೆಟಾರೈಜಿಯಂ ರೈಲಿ ಎಂಬ ಶಿಲೀಂಧ್ರದ ಕೆಲಸ. ಅಂಥ ಹುಳುಗಳು ಹೊಲದ ತುಂಬ ಕಂಡರೆ ಔಷಧಿಯ ಡಬ್ಬಿ ಅಟ್ಟದ ಮೇಲೇ ಇರಲಿ, ನಿಮ್ಮ ಪರವಾಗಿ ಖರ್ಚಿಲ್ಲದೆ ಕೆಲಸ ನಡೆದಿದೆ.

ಹುಳುವಿನ ಗಲಾಟೆಯಲ್ಲಿ ರೋಗ ಮರೆಯಬಾರದು. ಗರಿಯ ಮೇಲೆ ಬಿಳಿ ಪಟ್ಟೆ ಮೂಡಿ ಗಿಡ ಕುಗ್ಗಿದ್ದರೆ ಕೇದಿಗೆ ರೋಗ, ಅಂಥ ಗಿಡ ಕಿತ್ತು ಸುಡುವುದೇ ಸರಿ. ಕೆಳಗಿನ ಗರಿಯಲ್ಲಿ ಉದ್ದನೆಯ, ಚುಟ್ಟಾ ಆಕಾರದ ಬೂದು ಮಚ್ಚೆ ಎಲೆ ಅಂಗಮಾರಿಯದು. ಅದು ತೆನೆಯ ಅಕ್ಕಪಕ್ಕದ ಗರಿಗೆ ಏರುವ ಮುನ್ನ ತಡೆದರೆ ಮಾತ್ರ ಉಪಯೋಗ. ಕಾಳಿಗೆ ಹಾಲು ತುಂಬುವುದು ಬಹುಪಾಲು ಆ ನಡುವಿನ ಮೇಲಿನ ಗರಿಗಳೇ.

ಎಡೆಕುಂಟೆ ಹೋದ ದಾರಿ

ಕಳೆಯ ವಿಷಯದಲ್ಲೂ ಹೊತ್ತಿನದೇ ಮಾತು. ಮೊದಲ 30–45 ದಿನ ಹೊಲ ಕಳೆಯಿಲ್ಲದೆ ಇದ್ದರೆ ಆಮೇಲೆ ಬೆಳೆಯ ನೆರಳೇ ಕಳೆಯನ್ನು ಅದುಮುತ್ತದೆ. 60ನೇ ದಿನ ಸೊಂಟದೆತ್ತರದ ಹುಲ್ಲನ್ನು ಆಳು ಹಚ್ಚಿ ಕೀಳಿಸಿದರೆ ಹೊಲ ನೋಡಲು ಚೆಂದ, ಇಳುವರಿ ಆಗಲೇ ಹೋಗಿರುತ್ತದೆ. ಬೀಜ ಉದುರುವ ಮುಂಚೆ ಕಿತ್ತರೆ ಮುಂದಿನ ವರ್ಷಕ್ಕೆ ಉಪಕಾರ, ಅಷ್ಟೇ.

ಎತ್ತು ಕಡಿಮೆಯಾಗಿ, ಕೂಲಿಯವರು ಸಿಗದೆ, ಎಡೆಕುಂಟೆಯ ಜಾಗಕ್ಕೆ ಕಳೆನಾಶಕ ಬಂದಿದೆ. ಕಳೆ ಎರಡರಿಂದ ನಾಲ್ಕು ಎಲೆ ಇರುವಾಗ, ಮಣ್ಣಿನಲ್ಲಿ ಹದವಿರುವಾಗ ಹೊಡೆದರೆ ಕೆಲಸ ಮಾಡುತ್ತದೆ. ದೊಡ್ಡ ಕಳೆಗೆ ಪ್ರಮಾಣ ಹೆಚ್ಚಿಸಿ ಹೊಡೆದರೆ ಬೆಳೆಯೇ ಸುಡುತ್ತದೆ. ಮೆಕ್ಕೆಜೋಳದ ನಡುವೆ ಹಾಕಿದ ತೊಗರಿ, ಅವರೆ, ಅಲಸಂದೆಯ ಅಕ್ಕಡಿ ಸಾಲುಗಳಿಗೆ ಆ ಕಳೆನಾಶಕ ಆಗಿಬರುವುದಿಲ್ಲ. ಹಾಗಾಗಿ ಕಳೆನಾಶಕ ಹೊಕ್ಕ ಹೊಲದಿಂದ ಅಕ್ಕಡಿ ಮೆಲ್ಲಗೆ ಮರೆಯಾಯಿತು. ಮುಖ್ಯ ಬೆಳೆ ಕೈಕೊಟ್ಟ ವರ್ಷ ಮನೆಗೆ ಬೇಳೆ, ದನಕ್ಕೆ ಮೇವು ಕೊಡುತ್ತಿದ್ದ ಸಾಲು ಅದು.

ಎಡೆಕುಂಟೆ ಕಳೆಯನ್ನಷ್ಟೇ ತೆಗೆಯುತ್ತಿರಲಿಲ್ಲ. ಮೇಲ್ಮಣ್ಣನ್ನು ಪುಡಿ ಮಾಡಿ ಬಿರುಕು ಮುಚ್ಚುತ್ತಿತ್ತು, ಒಳಗಿನ ತೇವ ಆರದಂತೆ ಮಣ್ಣಿನ ಹೊದಿಕೆ ಹಾಸುತ್ತಿತ್ತು, ಗಿಡದ ಬುಡಕ್ಕೆ ಮಣ್ಣು ಏರಿಸುತ್ತಿತ್ತು. ಕಳೆನಾಶಕ ಬಳಸುವವರೂ ಬೆಳೆ ಚಿಕ್ಕದಿರುವಾಗ ಒಂದು ಸಲವಾದರೂ ಎಡೆ ಹೊಡೆಯುವುದು ಲಾಭವೇ. ಈಗ ಸಣ್ಣ ಪವರ್ ವೀಡರ್‌ಗಳು ಬಾಡಿಗೆಗೆ ಸಿಗುತ್ತವೆ.

ರಾಗಿಯ ತಾಳ್ಮೆ

ದಕ್ಷಿಣದ ತುಮಕೂರು, ರಾಮನಗರ, ಕೋಲಾರ, ಹಾಸನದ ಕೆಂಪು ಮಣ್ಣಿಗೆ ಬಂದರೆ ಲೆಕ್ಕ ತುಸು ಸಡಿಲವಾಗುತ್ತದೆ. ಮೆಕ್ಕೆಜೋಳಕ್ಕೆ ಇಲ್ಲದ ತಾಳ್ಮೆ ರಾಗಿಗಿದೆ. ಮಳೆ ಹಿಂದಾದರೆ ಬೆಳವಣಿಗೆ ನಿಧಾನಿಸಿ ಕಾಯುತ್ತದೆ, ಮಳೆ ಬಿದ್ದ ವಾರದಲ್ಲಿ ಮತ್ತೆ ತೆಂಡೆ ಒಡೆಯುತ್ತದೆ. ಒಂದು ಗಿಡದ ತೆನೆ ಹಾಳಾದರೆ ಪಕ್ಕದ ತೆಂಡೆ ತುಂಬಿಕೊಡುತ್ತದೆ. ಅದಕ್ಕೇ ರಾಗಿ ಬೆಳೆಗಾರನ ನಡುಗಾಲದ ಕೆಲಸವೆಲ್ಲ ತೆಂಡೆಯ ಸುತ್ತ.

ಹಾವೇರಿ ಕಡೆಯ ಗುಳಿ ರಾಗಿ ಪದ್ಧತಿಯಲ್ಲಿ ಇದನ್ನು ಹತ್ತಿರದಿಂದ ನೋಡಬಹುದು. ಚೌಕಾಕಾರವಾಗಿ ಸಾಲು ಎಳೆದು, ಸಾಲು ಕೂಡಿದ ಗುಳಿಯಲ್ಲಿ ಗೊಬ್ಬರ ಹಾಕಿ ಸಸಿ ನೆಡುತ್ತಾರೆ. ನಾಟಿಯಾಗಿ ಹದಿನೈದು ದಿನದ ಮೇಲೆ ಎಳೆ ಪೈರಿನ ಮೇಲೆಯೇ ಕೊರಡು, ಅಂದರೆ ಹಗುರವಾದ ಮರದ ದಿಮ್ಮಿ, ಎಳೆಸುತ್ತಾರೆ. ಹೊಸದಾಗಿ ನೋಡುವವರಿಗೆ ಎದೆ ಝಲ್ಲೆನ್ನಬೇಕು, ನೆಟ್ಟ ಪೈರೆಲ್ಲ ಮಲಗಿರುತ್ತದೆ. ಸುಳಿಗೆ ಪೆಟ್ಟು ಬಿದ್ದ ಗಿಡ ಬುಡದಿಂದ ಹೊಸ ತೆಂಡೆಗಳನ್ನು ಚಿಮ್ಮಿಸಿ ಮೇಲೇಳುತ್ತದೆ. ಇದಕ್ಕೂ ಗಡುವುಂಟು. 45 ದಿನ ದಾಟಿದ ಮೇಲೆ ಕೊರಡು ಎಳೆದರೆ ಬೆಳೆ ಮೇಲೇಳುವುದಿಲ್ಲ.

ರಾಗಿಯ ದೊಡ್ಡ ವೈರಿ ಬೆಂಕಿ ರೋಗ. ಜಿಟಿಜಿಟಿ ಮಳೆ, ಮೋಡ, ತಂಪು ರಾತ್ರಿ ಕೂಡಿದ ವಾರದಲ್ಲಿ ಎಲೆಯ ಮೇಲೆ ವಜ್ರಾಕಾರದ ಚುಕ್ಕೆ ಏಳುತ್ತದೆ, ನಡುವೆ ಬೂದು, ಅಂಚು ಕಂದು. ಎಲೆಯ ಬೆಂಕಿಗಿಂತ ಕುತ್ತಿಗೆಯ ಬೆಂಕಿ ಭಯಂಕರ. ತೆನೆಯ ಬುಡ ಕಪ್ಪಾಗಿ ಮೇಲಿನ ತೆನೆ ಜೊಳ್ಳಾಗುತ್ತದೆ. ಯೂರಿಯಾ ಹೆಚ್ಚು ಉಂಡ ಹೊಲದಲ್ಲಿ ಇದರ ಹಾವಳಿ ಹೆಚ್ಚು. ಎಲೆಯಲ್ಲಿ ಚುಕ್ಕೆ ಕಂಡವರು ತೆನೆ ಹೊರಬರುವ ಹೊತ್ತಿಗೆ, ಕೃಷಿ ವಿಜ್ಞಾನ ಕೇಂದ್ರ ಹೇಳುವ ಔಷಧಿ ಸಿಂಪಡಿಸಿ ಕುತ್ತಿಗೆಯನ್ನು ಕಾಯಬೇಕು. ಕುತ್ತಿಗೆ ಕಪ್ಪಾದ ಮೇಲೆ ಸಿಂಪಡಿಸಿ ಫಲವಿಲ್ಲ.

ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ತಂದ ಮೇಲೆ ನಮ್ಮ ರಾಗಿಯ ಇಳುವರಿಯೇ ಬದಲಾಯಿತು. 1990ರ ದಶಕದಲ್ಲಿ ಬಂದ ಜಿಪಿಯು 28 ಬೆಂಕಿ ರೋಗ ತಡೆಯುವ ಗುಣದಿಂದಲೇ ಊರೂರು ಹಬ್ಬಿತು. ನಡುಗಾಲದ ಔಷಧಿ ಖರ್ಚನ್ನು ಬಿತ್ತನೆಯ ದಿನವೇ ಉಳಿಸುವ ಉಪಾಯ ಸರಿಯಾದ ತಳಿ. 2025–26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ ₹4,886, ಮೆಕ್ಕೆಜೋಳದ ಎರಡು ಪಟ್ಟಿಗಿಂತ ಹೆಚ್ಚು. ಮೆಕ್ಕೆಜೋಳದ ಹೊಲದಲ್ಲಿ ಮಾಡುವಷ್ಟು ಆರೈಕೆಯನ್ನು ರಾಗಿಗೂ ಮಾಡಲು ಇದು ಸಾಕಷ್ಟು ಕಾರಣ.

ಒಂದು ಹೊಂಡ, ಒಂದು ಎಕರೆ, ಒಂದು ಸಲ

ಮಳೆ ಹತ್ತು ಹದಿನೈದು ದಿನ ಹಿಂದಾದಾಗ ಕೃಷಿ ಹೊಂಡ ಇದ್ದವರಿಗೆ ಯಾವಾಗ ನೀರು ಬಿಡುವುದು ಎಂಬ ಪ್ರಶ್ನೆ. 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳದ ಇಳಿಜಾರು ಬದಿಯ ಹೊಂಡದಲ್ಲಿ ಸುಮಾರು ಎರಡೂವರೆ ಲಕ್ಷ ಲೀಟರ್ ನಿಲ್ಲುತ್ತದೆ. ಒಂದು ಎಕರೆಗೆ ಐದು ಸೆಂ.ಮೀ. ನೀರು ಕೊಡಲು ಎರಡು ಲಕ್ಷ ಲೀಟರ್ ಬೇಕು. ಆವಿ ಆಗಿದ್ದು, ಸೋರಿದ್ದು ಕಳೆದರೆ, ಒಂದು ಹೊಂಡ ಅಂದರೆ ಒಂದು ಎಕರೆಗೆ ಒಂದೇ ಸಲದ ನೀರು. ಅದನ್ನು ಮೊಣಕಾಲೆತ್ತರದ ಬೆಳೆ ಮಧ್ಯಾಹ್ನ ಗರಿ ಸುರುಟಿಕೊಂಡಿತೆಂದು ಗಾಬರಿಯಾಗಿ ಸುರಿದರೆ, ಸೂಲಂಗಿ ಬರುವ ವಾರ ಹೊಂಡ ಖಾಲಿ. ಬೆಳಿಗ್ಗೆ ಗರಿ ಬಿಚ್ಚಿಕೊಳ್ಳುತ್ತಿದ್ದರೆ ಎಳೆಯ ಬೆಳೆ ಇನ್ನೂ ತಡೆಯಬಲ್ಲದು. ನೀರನ್ನು ಕೂದಲು ಹೊರಬರುವ ವಾರಕ್ಕೆ ಉಳಿಸಿ.

ಆಗಸ್ಟ್ ಬಂದರೂ ಬಿತ್ತಲಾಗದವರು ದೀರ್ಘಾವಧಿ ತಳಿಯ ಆಸೆ ಬಿಟ್ಟು ಅಲ್ಪಾವಧಿ ರಾಗಿಗೆ ಹೋಗಬೇಕು. ಅದೂ ಮೀರಿದರೆ ಹುರುಳಿ, ಅಲಸಂದೆ ಇಲ್ಲವೇ ಮೇವಿನ ಬೆಳೆ. ಜಿಲ್ಲೆಗೊಂದರಂತೆ ಪರ್ಯಾಯ ಬೆಳೆ ಯೋಜನೆ ಸಿದ್ಧವಿದೆ, ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಬಹುದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿ ಮಟ್ಟದಲ್ಲಿ ಮಳೆ ಅಳೆಯುತ್ತದೆ, ‘ವರುಣ ಮಿತ್ರ’ ಸಹಾಯವಾಣಿಯಲ್ಲಿ ಮುನ್ಸೂಚನೆ ಹೇಳುತ್ತದೆ. ಯೂರಿಯಾ ಹಾಕುವ, ಔಷಧಿ ಹೊಡೆಯುವ ಹಿಂದಿನ ದಿನ ಒಂದು ಕರೆ ಮಾಡಿದರೆ ಮಳೆಯಲ್ಲಿ ತೊಳೆದುಹೋಗುವ ಖರ್ಚು ಉಳಿಯುತ್ತದೆ.

ವಿಜಯಪುರದ ಎರೆ ಹೊಲಗಳಲ್ಲಿ ಈ ಕಾಲದ ಕೆಲಸವೇ ಬೇರೆ. ಹಿಂಗಾರಿ ಬಿಳಿಜೋಳಕ್ಕೆ ಬಿಟ್ಟ ಹೊಲದಲ್ಲಿ ಈಗ ಬೆಳೆಯೇ ಇಲ್ಲ. ಆದರೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತುವ ಜೋಳ ಬದುಕಬೇಕಾದ್ದು ಈಗ ಬೀಳುವ ಮಳೆಯನ್ನು ಎರೆ ಮಣ್ಣು ಎಷ್ಟು ಹಿಡಿದಿಟ್ಟುಕೊಂಡಿತು ಎಂಬುದರ ಮೇಲೆ. ಅದಕ್ಕೆ ಚೌಕುಮಡಿ: ಹೊಲವನ್ನು ಸಣ್ಣ ಸಣ್ಣ ಚೌಕಗಳಾಗಿ ಮಾಡಿ ಬಿದ್ದ ನೀರು ಬಿದ್ದಲ್ಲೇ ಇಂಗುವಂತೆ ಮಾಡುವುದು. 1930ರ ದಶಕದಲ್ಲೇ ವಿಜಯಪುರ, ರಾಯಚೂರು, ಹಗರಿಯಲ್ಲಿ ಒಣಬೇಸಾಯದ ಸಂಶೋಧನೆ ಶುರುವಾದದ್ದು ಇದೇ ಪ್ರಶ್ನೆ ಹಿಡಿದು. ಖಾಲಿ ಹೊಲದಲ್ಲಿ ಜುಲೈ ತಿಂಗಳ ಕೆಲಸ ತಪ್ಪಿದರೆ ಜನವರಿಯಲ್ಲಿ ತೆನೆ ಚಿಕ್ಕದಾಗುತ್ತದೆ.

ಹೊಲದ ಕೆಲಸದಷ್ಟೇ ಕಾಗದದ ಕೆಲಸ

ನಡುಗಾಲದಲ್ಲಿ ಹೆಚ್ಚಿನವರು ಮರೆಯುವ ಕೆಲಸ ಒಂದಿದೆ. ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರಿಗೆ ಯಾವ ಬೆಳೆ ದಾಖಲಾಗಿದೆ ಎಂದು ನೋಡಿಕೊಳ್ಳುವುದು. ವಿಮೆ ಮಾಡಿಸಿದ್ದು ಮೆಕ್ಕೆಜೋಳಕ್ಕೆ, ಸಮೀಕ್ಷೆಯಲ್ಲಿ ಬಂದದ್ದು ಶೇಂಗಾ ಎಂದಾದರೆ ಪರಿಹಾರದ ಹೊತ್ತಿಗೆ ಅಲೆದಾಟ ತಪ್ಪದು. ಬೆಂಬಲ ಬೆಲೆಯ ಖರೀದಿ ಕೇಂದ್ರಕ್ಕೂ ಈ ದಾಖಲೆ ಬೇಕು. ತಪ್ಪಾಗಿದ್ದರೆ ಬೆಳೆ ಹೊಲದಲ್ಲಿ ನಿಂತಿರುವಾಗಲೇ ಆಕ್ಷೇಪಣೆ ಕೊಡಬೇಕು, ಕೊಯ್ದ ಮೇಲೆ ತೋರಿಸಲು ಏನೂ ಇರುವುದಿಲ್ಲ.

ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರ ಧಾನ್ಯಗಳಿಗೆ ರೈತರ ಪಾಲಿನ ಕಂತು ಗರಿಷ್ಠ ಶೇ 2. ಆಲಿಕಲ್ಲಿನಂಥ ಸ್ಥಳೀಯ ವಿಕೋಪದಲ್ಲಿ ಹಾನಿಯಾದರೆ 72 ಗಂಟೆಯೊಳಗೆ ತಿಳಿಸಬೇಕು. ಇದು ಬಹುಮಂದಿಗೆ ಗೊತ್ತು. ಹೆಚ್ಚು ಗೊತ್ತಿಲ್ಲದ್ದು ನಡುಗಾಲದ ಪರಿಹಾರ. ಬರ ಅಥವಾ ಅತಿವೃಷ್ಟಿಯಿಂದ ವಿಮಾ ಘಟಕದ ನಿರೀಕ್ಷಿತ ಇಳುವರಿ ಪ್ರಾರಂಭಿಕ ಇಳುವರಿಯ ಅರ್ಧಕ್ಕಿಂತ ಕೆಳಗಿಳಿದಿದೆ ಎಂದು ಜಂಟಿ ಸಮೀಕ್ಷೆಯಲ್ಲಿ ಕಂಡುಬಂದರೆ, ಅಂದಾಜು ಪರಿಹಾರದ ಶೇ 25ರಷ್ಟನ್ನು ಕೊಯ್ಲಿಗೆ ಮುಂಚೆಯೇ ಕೊಡಲು ಅವಕಾಶವಿದೆ. ಇದು ಒಬ್ಬೊಬ್ಬ ರೈತನ ಅರ್ಜಿಯಿಂದ ಆಗುವ ಕೆಲಸವಲ್ಲ, ಸರ್ಕಾರ ಅಧಿಸೂಚನೆ ಹೊರಡಿಸಬೇಕು. ತೆನೆ ಸೀಳಿ ನೋಡಿದ ಹತ್ತು ರೈತರು ಪಂಚಾಯಿತಿಯ ಮೂಲಕ, ತಾರೀಖು ಹಾಕಿದ ಫೋಟೊ ಸಮೇತ ಕೃಷಿ ಅಧಿಕಾರಿಗೆ ಬರೆದರೆ ಆ ಮಾತಿಗೆ ತೂಕ ಬರುತ್ತದೆ. ‘ಬೆಳೆ ಹೋಯ್ತು ಸಾರ್’ ಎಂಬ ಬಾಯಿಮಾತಿಗೆ ಆ ತೂಕವಿಲ್ಲ.

ಕೊನೆಗೆ ಒಂದು ಅಗ್ಗದ ಸಲಹೆ. ಹೊಲಕ್ಕೊಂದು ನೋಟ್‌ಬುಕ್ ಇಡಿ. ಬಿತ್ತಿದ ದಿನ, ತಳಿ, ದೊಡ್ಡ ಮಳೆ ಬಿದ್ದ ದಿನ, ಯೂರಿಯಾ ಹಾಕಿದ ದಿನ, ಸೂಲಂಗಿ ಬಂದ ದಿನ, ಕೂದಲು ಬಂದ ದಿನ, ಸಾಲಿಗೆ ಕಟ್ಟಿದ ಕಾಳು. ಅರ್ಧ ಪುಟ ಸಾಕು. ಮೂರು ನಾಲ್ಕು ವರ್ಷದ ಪುಟ ಒಟ್ಟಿಗೆ ಇಟ್ಟು ನೋಡಿದರೆ ನಿಮ್ಮೂರಿನಲ್ಲಿ ಮಳೆ ಕೈಕೊಡುವ ವಾರ ಯಾವುದು, ನಿಮ್ಮ ಬೆಳೆ ಆ ವಾರ ಯಾವ ಹಂತದಲ್ಲಿರುತ್ತದೆ ಎಂದು ಕಾಣುತ್ತದೆ. ಎರಡೂ ಒಂದೇ ಕಡೆ ಬರುತ್ತಿದ್ದರೆ ಹತ್ತು ದಿನ ಮೊದಲೇ ಕೊಯ್ಲಿಗೆ ಬರುವ ತಳಿ ಹುಡುಕಿ, ಇಲ್ಲವೇ ಅರ್ಧ ಹೊಲ ಒಂದು ಅವಧಿಯ ಬೀಜ, ಅರ್ಧ ಹೊಲ ಇನ್ನೊಂದು ಅವಧಿಯದು ಹಾಕಿ, ಅಥವಾ ಒಂದೆರಡು ಎಕರೆಯನ್ನು ರಾಗಿಗೆ ಬಿಡಿ. ಬೀಜದ ಪಾಕೀಟಿನ ಮೇಲೆ ಅಚ್ಚಾಗಿರುವುದು ಎಲ್ಲ ಊರಿಗೂ ಹೊಂದುವ ಮಾತು. ನಿಮ್ಮ ಹೊಲದ ತಾರೀಖುಗಳನ್ನು ನೀವು ಬರೆದಿಡದಿದ್ದರೆ ಬೇರೆ ಯಾರೂ ಬರೆದಿಡುವುದಿಲ್ಲ.